ಹೊಸ ತಾಯಿಯನ್ನು ತಂದವಳು

"ಮೇಷ್ಟ್ರೇ! ನೋಡಿ, ಹೊಸ ತಾಯಿ ತಂದಿದ್ದೀನಿ!"

ಅಡುಗೆಮನೆಯ ಹಿಂಬಾಗಿಲು ತಳ್ಳಿಕೊಂಡು ಒಳಗೆ ಬಂದ ವೈವಾ ನಗುತ್ತಾ, ಏದುಸಿರು ಬಿಡುತ್ತಾ, ಇಡೀ ಮನೆಗೆ ಕೇಳುವ ಹಾಗೆ ಕೂಗಿದಳು.

ಉದ್ದನೆಯ ಮೇಜಿನ ಸುತ್ತ ಕೂತಿದ್ದ ಇಪ್ಪತ್ತು ಜನ ಒಟ್ಟಿಗೆ ತಿರುಗಿ ನೋಡಿದರು. ಯಾರದೋ ಚಮಚ ತಟ್ಟೆಗೆ ಬಡಿಯಿತು.

ಎಲ್ಲರೂ ಕಪ್ಪು ಬಟ್ಟೆಯಲ್ಲಿದ್ದರು.

ಮೇಜಿನ ತುದಿಯಲ್ಲಿ ಒಂದು ಖಾಲಿ ಕುರ್ಚಿ. ಅದರ ಮುಂದೆ ಉರಿಯುತ್ತಿರುವ ಮೇಣದ ಬತ್ತಿ. ಬತ್ತಿಯ ಪಕ್ಕ, ಬಿಳಿ ತಲೆವಸ್ತ್ರ ಕಟ್ಟಿಕೊಂಡ ಒಬ್ಬ ಮುದುಕಿಯ ಫೋಟೋ.

ಅಯ್ಯೋ ದೇವರೇ... ಇದು ಹುಟ್ಟುಹಬ್ಬದ ಊಟ ಅಲ್ಲ!

ಹಿತ್ತಿಲಲ್ಲಿ ನಿಂತು ಒಳಗಿನ ಮಾತಿನ ಗದ್ದಲ ಕೇಳಿದಾಗ ಅವಳು ಹುಟ್ಟುಹಬ್ಬ ಅಂತಲೇ ಅಂದುಕೊಂಡಿದ್ದಳು. ಮುಂಬಾಗಿಲಿಗೆ ಬಂದಿದ್ದರೆ ಸಾವಿನ ಗುರುತಿಗೆ ಕಟ್ಟಿದ ಕಪ್ಪು ರಿಬ್ಬನ್ನಾದರೂ ಕಾಣುತ್ತಿತ್ತು. ಆದರೆ ಜೇನು ಸಾಕುವವರು ಯಾರ ಮನೆಗೆ ಹೋದರೂ ಮೊದಲು ಹೋಗುವುದು ಹಿತ್ತಿಲಿಗೆ. ಹಾಳು ಅಭ್ಯಾಸ.

ಖಾಲಿ ಕುರ್ಚಿಯ ಪಕ್ಕದಲ್ಲಿದ್ದ ಗಂಡಸು ನಿಧಾನವಾಗಿ ಎದ್ದು ನಿಂತ. ನಲವತ್ತರ ಒಳಗಿನ ಪ್ರಾಯ. ನಿದ್ದೆ ಕಾಣದ ಕಣ್ಣು, ಎಣ್ಣೆ ಕಾಣದ ಕೂದಲು. ಆ ಮುಖವನ್ನು ವೈವಾ ಜನ್ಮದಲ್ಲಿ ನೋಡಿರಲಿಲ್ಲ.

ಆದರೆ ಮೇಜಿನ ಮೇಲೆ ಊರಿದ್ದ ಆ ಕೈ! ಎಡಗೈ ಹೆಬ್ಬೆರಳಿನ ಮೇಲೆ ಉದ್ದನೆಯ ಗಾಯದ ಗುರುತು... ಮೂರು ವರ್ಷದಿಂದ ಒಂದೊಂದು ವಿಡಿಯೋವನ್ನೂ ಹತ್ತು ಹತ್ತು ಸಲ ನೋಡಿ ಅವಳು ಬಾಯಿಪಾಠ ಮಾಡಿಕೊಂಡಿದ್ದ ಕೈ.

*ಇವರೇನಾ? ಇವರೇನಾ ನನ್ನ ಮೇಷ್ಟ್ರು?*

"ಯಾರಮ್ಮ ನೀನು?" ಕೊನೆಯಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಗದರಿದಳು. "ತೀರಿಕೊಂಡವಳ ನಾಲ್ಕನೇ ವಾರದ ಊಟಕ್ಕೆ ಬಂದು ತಮಾಷೆ ಮಾಡ್ತೀಯಾ?"

"ನಾನು... ನಾನು ವೈವಾ..."

ಆ ಹೆಸರು ಕೇಳಿದ್ದೇ ಎದ್ದು ನಿಂತಿದ್ದವನ ಮುಖ ಸುಣ್ಣದ ಹಾಗಾಯಿತು.

"ನೀವಾ?" ಎಂದ. ಅವಳ ಮುಖ ನೋಡಲಿಲ್ಲ. "ಬರೆದಿದ್ದು ಸಾಲದು ಅಂತ ಮನೆವರೆಗೂ ಬಂದ್ರಾ? ದಯವಿಟ್ಟು ಹೊರಗೆ ಹೋಗಿ."

ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಮೆತ್ತಗೆ ಹೇಳಿದ, ಅದೇ ಅವಳಿಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಬೆಂಕಿಪೊಟ್ಟಣದಷ್ಟು ಪುಟ್ಟ ಪಂಜರವನ್ನು ಮೇಜಿನ ಮೇಲೆ ಬಿಟ್ಟು, ಬಂದ ದಾರಿಯಲ್ಲೇ ಓಡಿದಳು.

* * *

ಇಷ್ಟಕ್ಕೂ ಅವಳು ಮಾಡಿದ್ದೇನು ಅಂತ ನಾನು ಹೇಳಲೇಬೇಕು. ಇಲ್ಲದಿದ್ದರೆ ನೀವು ಅವಳನ್ನು ತಲೆ ಕೆಟ್ಟವಳು ಅಂದುಕೊಳ್ಳುತ್ತೀರಿ.

ನಮ್ಮ ಲಿಥುವೇನಿಯಾದಲ್ಲಿ ಗೂಡಿನ ದೊಡ್ಡ ಜೇನನ್ನು ರಾಣಿ ಅನ್ನುವುದಿಲ್ಲ, ತಾಯಿ ಅನ್ನುತ್ತೇವೆ. ಒಂದು ಪೆಟ್ಟಿಗೆಯ ಜೇನನ್ನೆಲ್ಲ ಸೇರಿಸಿ ಸಂಸಾರ ಅನ್ನುತ್ತೇವೆ. ಇನ್ನೂ ಒಂದಿದೆ. ನಾಯಿ, ಹಸು, ಕುದುರೆ ಸತ್ತರೆ ಅದಕ್ಕೆ ನಮ್ಮಲ್ಲಿ ಒಂದು ಮಾತು. ಮನುಷ್ಯರು ಹೋದರೆ ಬೇರೆ ಮಾತು, ತೀರಿಕೊಂಡರು ಅಂತ. ಜೇನಿಗೆ ಮಾತ್ರ ನಾವು ಮನುಷ್ಯರ ಮಾತನ್ನೇ ಬಳಸುವುದು. ಜೇನು ಸಾಯುವುದಿಲ್ಲ, ತೀರಿಕೊಳ್ಳುತ್ತದೆ. ಮಕ್ಕಳು ತಪ್ಪಿ ಬೇರೆ ಮಾತಾಡಿದರೆ ಹಿರಿಯರು ಈಗಲೂ ತಲೆಗೆ ಮೊಟಕುತ್ತಾರೆ.

ವೈವಾ ಪನೆವೆಝಿಸ್ ಊರಿನ ಬ್ರೆಡ್ ಅಂಗಡಿಯಲ್ಲಿ ಕೆಲಸ ಮಾಡುವವಳು. ನಾಲ್ಕು ವರ್ಷದ ಹಿಂದೆ ಅಪ್ಪ ಹೋದಾಗ ಐದು ಜೇನುಪೆಟ್ಟಿಗೆ ಅವಳ ಪಾಲಿಗೆ ಬಂದವು. ಮೊದಲ ಚಳಿಗಾಲದಲ್ಲೇ ನಾಲ್ಕು ಖಾಲಿಯಾದವು. ಮದುವೆಯಾಗಬೇಕಿದ್ದವನು, "ಆ ಹುಳಾನಾ, ನಾನಾ? ಒಂದು ಹೇಳು" ಎಂದ. ಅವಳು ಉತ್ತರ ಯೋಚಿಸುವಷ್ಟರಲ್ಲಿ ಅವನೇ ಬೇರೆಯವಳನ್ನು ನೋಡಿಕೊಂಡ.

ಆ ವಾರ ಅವಳು ಇಂಟರ್ನೆಟ್ಟಿನ ಒಂದು ಜೇನು ಗುಂಪಿನಲ್ಲಿ ಅಳುತ್ತಾ ಬರೆದಳು. ಹತ್ತು ಜನ ನಕ್ಕರು. "ಬ್ರೆಡ್ ಮಾರ್ಕೊಂಡಿರು ತಾಯೀ" ಅಂತ ಒಬ್ಬ ಬರೆದ.

ಹನ್ನೊಂದನೆಯವನು 'ಜೇನು ಮೇಷ್ಟ್ರು' ಅಂತ ಎಲ್ಲರೂ ಕರೆಯುತ್ತಿದ್ದ ರಿಮಾಸ್. ದೂರದ ವರೆನಾ ಕಾಡಿನ ಸೀಮೆಯವನು. ಎರಡೇ ಸಾಲು ಬರೆದಿದ್ದ.

"ನಿಮ್ಮ ಜೇನು ತೀರಿಕೊಂಡಿದ್ದು ನಿಮ್ಮ ತಪ್ಪಿನಿಂದ ಅಲ್ಲ. ಉಳಿದಿರೋ ಒಂದನ್ನ ನಾವಿಬ್ಬರೂ ಉಳಿಸಿಕೊಳ್ಳೋಣ."

ನಾವಿಬ್ಬರೂ! ಆ ಒಂದು ಮಾತಿಗೆ ವೈವಾ ಅವತ್ತೇ ಸೋತುಹೋದಳು.

ಅಂದಿನಿಂದ ದಿನಾ ಬೆಳಗ್ಗೆ ಆರು ಗಂಟೆಗೆ ಅವನ ಪಾಠ ಬರುತ್ತಿತ್ತು, ನಾಲ್ಕು ಸಾಲು ಬರಹ, ಜೊತೆಗೆ ಕೈ ಮಾತ್ರ ಕಾಣುವ, ಮಾತಿಲ್ಲದ ಒಂದು ವಿಡಿಯೋ. ಒಂದು ಪೆಟ್ಟಿಗೆ ಮೂರಾಯಿತು, ಮೂರು ಒಂಬತ್ತಾಯಿತು. ಅವನು ಮುಖ ತೋರಿಸಲಿಲ್ಲ, ಅವಳು ಕೇಳಲಿಲ್ಲ. ಅರವತ್ತು ದಾಟಿದ ಮನುಷ್ಯ ಇರಬೇಕು ಅಂತ ಅವಳ ಲೆಕ್ಕ. *ಇರಲಿ ಬಿಡು, ಅರವತ್ತಾದರೆ ಅರವತ್ತು. ಇಂಥ ಕೈ ಇರೋ ಮನುಷ್ಯ ನನಗೆ ಸಾಕು* ಎಂದು ಬ್ರೆಡ್ ಜೋಡಿಸುತ್ತಾ ತನಗೆ ತಾನೇ ನಾಚಿಕೊಂಡದ್ದೂ ಉಂಟು.

ಮೇ ತಿಂಗಳ ಒಂದು ಬೆಳಗ್ಗೆ ಪಾಠದ ಬದಲು ಇದು ಬಂತು.

"ನಿನ್ನೆ ಸಂಜೆ ತಾಯಿ ತೀರಿಕೊಂಡಳು. ಇನ್ನು ಈ ಸಂಸಾರ ಹೇಗೆ ಉಳಿಯುತ್ತೋ ಗೊತ್ತಿಲ್ಲ."

ಅಮ್ಮ ಅಂತ ಬರೆದಿದ್ದರೆ ಮುಗಿದಿತ್ತು. ಆದರೆ ಆ ಕಾಡಿನ ಸೀಮೆಯವರು ಹೆತ್ತವಳನ್ನೂ ತಾಯಿ ಅಂತಲೇ ಅನ್ನುವುದು. ಪೇಟೆಯಲ್ಲಿ ಬೆಳೆದ ನಮ್ಮ ಹುಡುಗಿಗೆ ಅದೆಲ್ಲಿ ಹೊಳೆಯಬೇಕು? ಮೂರು ವರ್ಷ ಅವನು ತಾಯಿ ತಾಯಿ ಅಂತ ಬರೆದದ್ದೆಲ್ಲ ಹುಳದ ಬಗ್ಗೆಯೇ.

ಮೇಷ್ಟ್ರಿಗೆ ಸಮಾಧಾನ ಹೇಳುವ ಅವಕಾಶ ಮೊದಲ ಸಲ ಸಿಕ್ಕಿತು ಅಂತ ಅವಳಿಗೆ ಖುಷಿಯೋ ಖುಷಿ! ಅವನದೇ ಪಾಠವನ್ನು ಅವನಿಗೇ ತಿರುಗಿಸಿ ಬರೆದಳು.

"ಅಯ್ಯೋ ಮೇಷ್ಟ್ರೇ, ಇದಕ್ಕೆಲ್ಲ ಇಷ್ಟು ಬೇಜಾರು ಮಾಡ್ಕೊಳ್ಳೋದಾ? ಒಳ್ಳೇದೇ ಆಯ್ತು ಬಿಡಿ! ಮುದಿ ತಾಯಿ ಇದ್ದಷ್ಟು ದಿನ ಸಂಸಾರಕ್ಕೆ ನಷ್ಟವೇ. ಎತ್ತಿ ಹೊರಗೆ ಎಸೆದು ಕೈ ತೊಳ್ಕೊಳ್ಳಿ. ನಾಲ್ಕು ವಾರ ಕೊಡಿ, ನಾನೇ ಹೊಸ ತಾಯಿ ತಂದುಕೊಡ್ತೀನಿ."

ಕೊನೆಯಲ್ಲಿ ಎರಡು ನಗುವ ಮುಖ ಬೇರೆ.

ಆಮೇಲೆ ಅತ್ತಲಿಂದ ಒಂದಕ್ಷರವೂ ಬರಲಿಲ್ಲ.

*ಶಿಷ್ಯೆಯಾಗಿ ಮೇಷ್ಟ್ರಿಗೆ ಬುದ್ಧಿ ಹೇಳಿದೆ ಅಂತ ಕೋಪವೇ?* ಮೊದಲ ವಾರ ದಿನಕ್ಕೊಂದು ಕ್ಷಮೆ ಬರೆದಳು. ಎರಡನೇ ವಾರ ದಿನಕ್ಕೆ ಮೂರು. ಅಂಗಡಿಯಲ್ಲಿ ಗಿರಾಕಿ ಕೇಳಿದ್ದು ಒಂದು, ಅವಳು ಕೊಟ್ಟಿದ್ದು ಇನ್ನೊಂದು. ಊಟ ಸೇರಲಿಲ್ಲ. ಫೋನು ಕೆಟ್ಟಿದೆಯೇನೋ ಅಂತ ಅಕ್ಕಪಕ್ಕದವರಿಂದ ತನಗೇ ಫೋನು ಮಾಡಿಸಿ ನೋಡಿದಳು. ಕೆಟ್ಟಿರಲಿಲ್ಲ.

ಆದರೂ ಕೊಟ್ಟ ಮಾತು ಬಿಡಲಿಲ್ಲ. ತನ್ನ ಅತ್ಯುತ್ತಮ ಪೆಟ್ಟಿಗೆಯಿಂದ ಒಂದು ಹೊಸ ತಾಯಿಯನ್ನು ಬೆಳೆಸಿದಳು. ನಾಲ್ಕು ವಾರ ಹಗಲೆಲ್ಲ ಅದರದೇ ಧ್ಯಾನ. ಹಿಂದೊಮ್ಮೆ ಅವನು ಜೇನು ಗೂಡು ಕಟ್ಟಲು ಮೇಣದ ಹಾಳೆ ಕಳಿಸಿದ್ದ ಡಬ್ಬದ ಮೇಲೆ ವಿಳಾಸ ಇತ್ತು. ಪಂಜರವನ್ನು ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ಮೂರು ಬಸ್ಸು ಬದಲಾಯಿಸಿ ಬಂದಳು.

*ಬೈಯಲಿ, ಹೊಡೆಯಲಿ. ಮುಖ ನೋಡಿ ಒಂದು ಮಾತಾಡಲಿ ಸಾಕು. ಇಲ್ಲದಿದ್ದರೆ ನಾನು ಬದುಕೋದು ಹೇಗೆ?*

ಇಷ್ಟೇ ಅವಳ ಆಸೆ. ಅದಕ್ಕೆ ಸಿಕ್ಕಿದ್ದು "ಹೊರಗೆ ಹೋಗಿ" ಎಂಬ ಮಾತು.

* * *

ಹಿತ್ತಿಲ ಬೇಲಿ ಹಿಡಿದುಕೊಂಡು ವೈವಾ ಕುಸಿದು ಕೂತಳು. ಈಗ ಎಲ್ಲವೂ ಅರ್ಥವಾಗಿತ್ತು. ಅವಳು ಬರೆದ ಒಂದೊಂದು ಪದವೂ ಈಗ ಅವಳಿಗೇ ಚುಚ್ಚುತ್ತಿತ್ತು.

ಮುದಿ ತಾಯಿ... ನಷ್ಟವೇ... ಎತ್ತಿ ಹೊರಗೆ ಎಸೆದು...

"ಅಯ್ಯೋ! ಯಾವ ಬಾಯಲ್ಲಿ ಹೇಳಿದೆ ನಾನು! ಯಾವ ಕೈಯಲ್ಲಿ ಬರೆದೆ!" ತನ್ನ ಕೈಗೆ ತಾನೇ ಹೊಡೆದುಕೊಂಡಳು.

ಗದರಿದ್ದ ಅಜ್ಜಿ ನೀರಿನ ಲೋಟ ಹಿಡಿದು ಹೊರಗೆ ಬಂದಳು. ರಿಮಾಸನ ಚಿಕ್ಕಮ್ಮ, ತೆಕ್ಲೆ. ಬಾಯಿ ಜೋರು, ಮನಸ್ಸು ಬೆಣ್ಣೆ.

"ಕುಡಿ. ಆ ಪನೆವೆಝಿಸ್ ಹುಡುಗಿ ನೀನೇನಾ? ನೋಡೋಕೆ ಒಳ್ಳೆಯವಳ ಹಾಗೇ ಇದ್ದೀಯಲ್ಲೇ. ಏನು ಬರೆದೆ ಅವನಿಗೆ? ಎರಡು ಸಾಲು ಓದಿ ಫೋನು ಡ್ರಾಯರಿನಲ್ಲಿ ಹಾಕಿದವನು ಇವತ್ತಿನವರೆಗೂ ತೆಗೆದಿಲ್ಲ."

ವೈವಾ ಬಿಕ್ಕುತ್ತಾ ಎಲ್ಲಾ ಹೇಳಿದಳು. ಹುಳ ಅಂದುಕೊಂಡೆ ಚಿಕ್ಕಮ್ಮಾ, ಹುಳ ಅಂದುಕೊಂಡೆ...

ತೆಕ್ಲೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವಳ ಹೆಗಲು ಅಲುಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಇರಬೇಕು.

"ನನ್ನಕ್ಕ ಇದ್ದಿದ್ರೆ ಇದನ್ನ ಕೇಳಿ ಹೊಟ್ಟೆ ಹಿಡ್ಕೊಂಡು ನಗ್ತಿದ್ಲು! ಆದ್ರೆ ಅವನು ನಗಲ್ಲಮ್ಮ. ಅಳೋದೂ ಇಲ್ಲ. ಅದೇ ನನಗೆ ಭಯ. ಆರು ವರ್ಷ ಹಾಸಿಗೆ ಹಿಡಿದವಳನ್ನ, ಮದುವೆಯೂ ಆಗದೆ, ಒಬ್ಬನೇ ಮಗುವಿನ ಹಾಗೆ ನೋಡ್ಕೊಂಡ. ಮಣ್ಣು ಹಾಕುವಾಗ್ಲೂ ಕಲ್ಲಿನ ಹಾಗೆ ನಿಂತಿದ್ದ. ಜೇನಿಗೂ ಹೇಳಿಲ್ಲ."

"ಜೇನಿಗೆ ಹೇಳಿಲ್ವಾ?" ವೈವಾ ಗಾಬರಿಯಿಂದ ತಲೆ ಎತ್ತಿದಳು.

ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಪೆಟ್ಟಿಗೆ ಪೆಟ್ಟಿಗೆಗೂ ಹೋಗಿ ತಟ್ಟಿ, ಹೀಗಾಯಿತು ಅಂತ ಜೇನಿಗೆ ತಿಳಿಸಬೇಕು. ತಿಳಿಸದಿದ್ದರೆ ಅವೂ ಹೋದವರ ಹಿಂದೆಯೇ ಹೊರಟುಬಿಡುತ್ತವೆ ಅನ್ನುತ್ತಾರೆ. ನಿಜವೋ ಸುಳ್ಳೋ, ಹೇಳದೆ ಬಿಟ್ಟವರನ್ನು ನಾನು ಕಂಡಿಲ್ಲ.

"ಆ ಮಾತು ಅವನ ಬಾಯಲ್ಲಿ ಬರಲ್ಲ. ನಾನು ಹೇಳ್ತೀನಿ ಅಂದ್ರೆ ಬೇಡ ಅಂದ. ನಾಲ್ಕು ವಾರದಿಂದ ಪೆಟ್ಟಿಗೆ ತೆರೆದೇ ಇಲ್ಲ."

"ಚಿಕ್ಕಮ್ಮಾ... ಅವರ ಹೆಸರೇನು?"

"ಯಾರದು?"

"ಅಮ್ಮನದು."

"ಎಲ್ಜ್ಬಿಯೆತಾ."

ವೈವಾ ಕಣ್ಣೊರೆಸಿಕೊಂಡು ಎದ್ದಳು. *ಅವರು ನನ್ನ ಮುಖ ನೋಡೋದು ಬೇಡ. ಕ್ಷಮಿಸೋದೂ ಬೇಡ. ಆದ್ರೆ ಈ ಒಂದು ಕೆಲಸ ಮಾಡಿ ಹೋಗ್ತೀನಿ. ಈ ಜೇನೂ ಹೋಗಿಬಿಟ್ಟರೆ ಅವರಿಗೆ ಉಳಿಯೋದೇನು?*

ಮೊದಲ ಪೆಟ್ಟಿಗೆಯ ಮುಂದೆ ಹುಲ್ಲಿನ ಮೇಲೆ ಮಂಡಿಯೂರಿದಳು. ಬೆರಳಿನಿಂದ ಮೂರು ಸಲ ತಟ್ಟಿದಳು.

"ಪುಟ್ಟ ಜೇನುಗಳೇ... ಈ ಮನೆಯ ತಾಯಿ ಎಲ್ಜ್ಬಿಯೆತಾ ತೀರಿಕೊಂಡರು. ನೀವು ಹೋಗಬೇಡಿ. ಅವರ ಮಗ ಒಬ್ಬರೇ ಇದ್ದಾರೆ."

ಒಳಗಿಂದ ಒಮ್ಮೆ ಗುಂಯ್ ಎಂದು ಸದ್ದಾಗಿ ಸುಮ್ಮನಾಯಿತು.

ಎರಡನೆಯದು. ಮೂರನೆಯದು. ಒಂದೊಂದು ಪೆಟ್ಟಿಗೆಗೂ ಮೂರು ಸಲ ತಟ್ಟಿ ಅದೇ ಮಾತು. ಏಳನೆಯದಕ್ಕೆ ಬರುವಾಗ ಅವಳು ಇನ್ನೊಂದನ್ನೂ ಸೇರಿಸಿ ಹೇಳುತ್ತಿದ್ದಳು.

"ನಾನು ಕೆಟ್ಟ ಮಾತು ಬರೆದೆ. ತಿಳೀದೆ ಬರೆದೆ. ನೀವಾದ್ರೂ ಅವರಿಗೆ ಹೇಳಿ."

ಬೇಲಿಯ ಮೂಲೆಯಲ್ಲಿದ್ದ ಕೊನೆಯ ಪೆಟ್ಟಿಗೆಯನ್ನು ತಟ್ಟಿದಾಗ ಸದ್ದು ನಿಲ್ಲಲಿಲ್ಲ. ಸಣ್ಣಗೆ, ಉದ್ದಕ್ಕೆ, ಯಾರೋ ಒಳಗೆ ಕೂತು ಗೋಳಿಡುವ ಹಾಗೆ ಕೇಳುತ್ತಲೇ ಇತ್ತು. ಆ ಸದ್ದು ಏನೆಂದು ಅವಳಿಗೆ ಗೊತ್ತಿತ್ತು. ಅವನೇ ಕಲಿಸಿದ್ದ.

"ಅದಕ್ಕೆ ತಾಯಿ ಇಲ್ಲ," ಎಂದಿತು ಹಿಂದಿನಿಂದ ಒಂದು ದನಿ.

ರಿಮಾಸ್ ನಿಂತಿದ್ದ. ಒಂದು ಕೈಯಲ್ಲಿ ಪುಟ್ಟ ಪಂಜರ. ಇನ್ನೊಂದು ಕೈಯಲ್ಲಿ ಫೋನು.

ವೈವಾ ಮಂಡಿಯೂರಿದಲ್ಲೇ ತಲೆ ತಗ್ಗಿಸಿದಳು. "ಹೋಗ್ತೀನಿ ಮೇಷ್ಟ್ರೇ. ಇಗೋ, ಹೊರಟೆ. ಬಸ್ಸು..."

"ಈ ಪಂಜರದೊಳಗೆ ಹುಳ ಓಡಾಡೋದು ನೋಡಿದೆ," ಅವನೆಂದ. "ಆಮೇಲೆ ಡ್ರಾಯರು ತೆಗೆದೆ. ಎಲ್ಲಾ ಓದಿದೆ. ಅರವತ್ತೊಂದು ಮೆಸೇಜು."

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

"ಅವತ್ತು ಅರ್ಧಕ್ಕೇ ಬಿಟ್ಟಿದ್ದೆ... ಇವತ್ತು ಆ ಎಸೆದು ಕೈ ತೊಳ್ಕೊಳ್ಳಿ ಅನ್ನೋ ಸಾಲನ್ನೂ ಓದಿದೆ. ಅದು ನನ್ನದೇ ಪಾಠ. ನನ್ನದೇ ಮಾತು. ಅವತ್ತು ಮೊದಲ ಎರಡು ಸಾಲಲ್ಲಿ ನನಗೆ ಗುರುತೇ ಸಿಗಲಿಲ್ಲ ನೋಡಿ."

"ಕ್ಷಮಿಸಿ ಅಂತ ಕೇಳೋಕೂ ನನಗೆ ಬಾಯಿಲ್ಲ..."

"ಇವಳು ಎಷ್ಟು ಹೊತ್ತಿನಿಂದ ಪಂಜರದಲ್ಲಿದ್ದಾಳೆ?"

"ಬೆಳಗ್ಗೆ ಐದರಿಂದ."

"ಹಾಗಾದ್ರೆ ತಡ ಮಾಡೋದು ಬೇಡ."

ಅವನು ಮುಚ್ಚಳ ತೆರೆದ. ಕಪ್ಪು ಕೋಟಿನಲ್ಲೇ, ಮುಖಕ್ಕೆ ಬಲೆ ಇಲ್ಲದೆ, ಹೊಗೆಯನ್ನೂ ಹಾಕದೆ. ಅವನು ಹೇಳುವ ಮೊದಲೇ ಅವಳು ನಡುವಿನ ಎರಡು ಎರಿ, ಅಂದರೆ ಮೇಣದ ಚೌಕಟ್ಟು, ಸರಿಸಿ ಜಾಗ ಮಾಡಿದಳು. ಅವನು ಪಂಜರ ಇಳಿಬಿಟ್ಟ. ಅವಳು ಎರಿಗಳನ್ನು ಹತ್ತಿರ ತಂದು ಮುಚ್ಚಳ ಮುಚ್ಚಿದಳು. ಮೂರು ವರ್ಷದಿಂದ ಒಟ್ಟಿಗೆ ಕೆಲಸ ಮಾಡಿದವರ ಹಾಗೆ, ಒಬ್ಬರ ಕೈ ಇನ್ನೊಬ್ಬರಿಗೆ ಅಡ್ಡ ಬರಲಿಲ್ಲ. ಅವನ ಮಣಿಕಟ್ಟಿಗೆ ಒಂದು ಜೇನು ಚುಚ್ಚಿತು. ಅವಳು ಉಗುರಿನಿಂದ ಮುಳ್ಳು ಕೆರೆದು ತೆಗೆದಳು.

ಆ ಚಿಕ್ಕ ನೋವೇ ಸಾಕಾಯಿತೋ ಏನೋ! ನಾಲ್ಕು ವಾರದಿಂದ ಕಲ್ಲಾಗಿದ್ದ ಮನುಷ್ಯ ಮುಚ್ಚಳದ ಮೇಲೆ ಹಣೆಯಿಟ್ಟು ಹೋ ಎಂದು ಅತ್ತುಬಿಟ್ಟ.

"ತಾಯಿ ತೀರಿಕೊಂಡಳು... ನನ್ನ ತಾಯಿ ತೀರಿಕೊಂಡಳು ವೈವಾ..."

"ಹೌದು. ತೀರಿಕೊಂಡರು," ಎಂದಳು ಅವಳು. ಬೇರೆ ಸಮಾಧಾನ ಹೇಳಲು ಹೋಗಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು ತಾನೂ ಅತ್ತಳು. ಅಡುಗೆಮನೆಯ ಕಿಟಕಿಯಲ್ಲಿ ನೆಂಟರ ತಲೆಗಳು ಒಂದರ ಮೇಲೊಂದು ಕಂಡವು. ಆಗಲೇ ಒಳಗೆ ಹೋಗಿದ್ದ ತೆಕ್ಲೆ ಪರದೆ ಎಳೆದಳು.

ಅತ್ತು ಮುಗಿದ ಮೇಲೆ ಇಬ್ಬರೂ ಹುಲ್ಲಿನಲ್ಲೇ ಕೂತರು.

"ಒಂದು ಕೇಳಲಾ?" ವೈವಾ ಮೆಲ್ಲಗೆ ಎಂದಳು. "ಮೂರು ವರ್ಷದಲ್ಲಿ ಅಮ್ಮನ ವಿಷಯ ಯಾಕೆ ಒಂದು ಸಾಲೂ ಬರೀಲಿಲ್ಲ?"

"ಬೆಳಗ್ಗೆ ಆರು ಗಂಟೆಗೆ ಬರೀತಿದ್ದೆನಲ್ಲ... ಆಗ ಅವಳು ಪಕ್ಕದಲ್ಲಿ ಮಲಗಿರ್ತಿದ್ಲು. ದಿನದಲ್ಲಿ ಅದೊಂದೇ ಹೊತ್ತು ನಾನು ಕಾಯಿಲೆ, ಔಷಧಿ ಎಲ್ಲಾ ಮರೀತಿದ್ದೆ. ಅದನ್ನ ಕೆಡಿಸಿಕೊಳ್ಳೋಕೆ ಇಷ್ಟ ಇರಲಿಲ್ಲ. ನನ್ನದೂ ತಪ್ಪಿದೆ."

"ನಿಮ್ಮದೇನು ತಪ್ಪು..."

"ಇದೆ. ಕೇಳಿ. ತಾಯಿ ಹೋದ ಮೇಲೆ ನಾನು ಮೊದಲು ಬರೆದಿದ್ದು ನಿಮಗೆ. ಪಾದ್ರಿಗಲ್ಲ, ಚಿಕ್ಕಮ್ಮನಿಗೂ ಅಲ್ಲ. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಉತ್ತರ ಓದಿದಾಗ ಗೊತ್ತಾಯ್ತು. ಒಂದೇ ದಿನ ಇಬ್ಬರನ್ನೂ ಕಳ್ಕೊಂಡೆ ಅನ್ನಿಸ್ತು ನನಗೆ. ಪಾಠ ಕಲಿಯೋಳು ಹೋದ್ರೆ ಯಾರಿಗಾದ್ರೂ ಹಾಗನ್ನಿಸುತ್ತಾ ವೈವಾ?"

ಸಾವಿನ ಮನೆಯಲ್ಲಿ ಖುಷಿಪಡಬಾರದು ಅಂತ ಬುದ್ಧಿ ಹೇಳಿತು, ಮನಸ್ಸು ಕೇಳಬೇಕಲ್ಲ!

"ನನಗೆ ನಿಮ್ಮ ಮುಖ ಗೊತ್ತಿರಲಿಲ್ಲ," ಎಂದಳು. "ವಯಸ್ಸು ಗೊತ್ತಿರಲಿಲ್ಲ. ನಿಮಗೆ ಹೆಂಡತಿ ಮಕ್ಕಳಿದ್ದಾರೋ ಇಲ್ವೋ ಅದೂ ಗೊತ್ತಿರಲಿಲ್ಲ. ಆದ್ರೂ ನಾನು ನಿಮ್ಮನ್ನ ಪ್ರೀತಿಸ್ತಿದ್ದೆ ಮೇಷ್ಟ್ರೇ. ಈಗಲೂ... ಬೈದು ಕಳಿಸಿದ್ರೂ ಪ್ರೀತಿಸ್ಕೊಂಡೇ ಹೋಗ್ತಿದ್ದೆ."

"ಮೇಷ್ಟ್ರು ಅನ್ನಬೇಡ."

ಅನ್ನಬೇಡ! ನೀವು ಹೋಗಿ ನೀನು ಬಂದದ್ದನ್ನು ಅವಳ ಕಿವಿ ಹಿಡಿದಿಟ್ಟುಕೊಂಡಿತು.

"ಮತ್ತೇನನ್ನಲಿ?"

"ಹೆಸರಿದೆಯಲ್ಲ."

"...ರಿಮಾಸ್."

ಅವನು ಎದ್ದು, ಅವಳಿಗೆ ಕೈ ಕೊಟ್ಟ. "ಬಾ, ಒಳಗೆ ಹೋಗೋಣ. ನನ್ನ ತಾಯಿಗೆ ನಿನ್ನನ್ನ ತೋರಿಸಬೇಕು."

ವೈವಾ ಅವನ ಕೈ ಹಿಡಿದಳು, ಆದರೆ ಹೆಜ್ಜೆ ಮುಂದೆ ಬರಲಿಲ್ಲ. ಬತ್ತಿಯ ಪಕ್ಕದ ಆ ಫೋಟೋ ಕಣ್ಣಮುಂದೆ ಬಂತು.

"ಅಷ್ಟೆಲ್ಲಾ ಬರೆದಿದ್ದೀನಿ ನಾನು. ನನ್ನ ಮುಖ ನೋಡಿ ಅವರು ಏನಂತಾರೆ?"

"ನಿನ್ನ ಒಂದೊಂದು ಮೆಸೇಜನ್ನೂ ಅವಳಿಗೆ ಗಟ್ಟಿಯಾಗಿ ಓದಿ ಹೇಳ್ತಿದ್ದೆ. ಈ ಹುಡುಗಿ ಯಾವಾಗ ಬರ್ತಾಳೋ, ಯಾವಾಗ ಬರ್ತಾಳೋ ಅಂತ ದಿನಾ ಕೇಳೋಳು..."

ನಾಲ್ಕು ವಾರದಲ್ಲಿ ಮೊದಲ ಸಲ ಅವನ ತುಟಿಯಲ್ಲಿ ಸಣ್ಣ ನಗು ಮೂಡಿತು.

"ಏನಂತಾಳೆ! ಇಷ್ಟು ತಡ ಮಾಡಿದ್ಯಲ್ಲೇ ಅಂತಾಳೆ."